ಯುವ ಕಟ್ಟೆ: ಮೂರೇ ಜೀವ, ಜೊತೆಗೊಬ್ಬ ಬೇಕು



ಈ ಸಲ ಒಂದು ಕಾಗದದಿಂದಲೇ ಆರಂಭಿಸುತ್ತೇನೆ. ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ. ಮುಕ್ಕಾಲು ಪಾಲು ಕನ್ನಡ, ಅಕ್ಷರ ನೆನಪಾಗದ ಕಡೆ ದೇವನಾಗರಿ. ಒತ್ತಕ್ಷರಗಳು ಅಲ್ಲಲ್ಲಿ ಕಾಲುಜಾರಿವೆ. ಆದರೂ ಇಡೀ ಕಾಗದವನ್ನು ಕೈಯಲ್ಲೇ ಬರೆದಿದ್ದಾನೆ. ಬರೆದವನು ಡೊಂಬಿವಲಿಯ ಹತ್ತೊಂಬತ್ತರ ಹುಡುಗ. ಚಿಕ್ಕವನಿದ್ದಾಗ ನಮ್ಮ ಭಾನುವಾರದ ಕನ್ನಡ ವರ್ಗಕ್ಕೆ ಬರುತ್ತಿದ್ದನಂತೆ.

ಕಾಗದದ ಸಾರಾಂಶ ಇಷ್ಟು. ಅವನ ದೊಡ್ಡಪ್ಪನ ಮಗ ನೌಕರಿಗೆಂದು ದುಬೈಗೆ ಹೋಗುವಾಗ ಮಾಳದ ಮೇಲೆ ಒಂದು ಪೆಟ್ಟಿಗೆ ಬಿಟ್ಟುಹೋಗಿದ್ದ. ಅದರಲ್ಲಿ ಹಳೆಯ ಟಿವಿ ಗೇಮ್, ಎರಡು ರಿಮೋಟ್, ಹನ್ನೊಂದು ಕ್ಯಾಸೆಟ್. ಲಾಕ್‌ಡೌನಿನ ದಿನಗಳಲ್ಲಿ ಹೊತ್ತು ಹೋಗದೆ ಅದನ್ನು ಕೆಳಗಿಳಿಸಿದ. ಅಂದಿನಿಂದ ಹಿಡಿದ ಹುಚ್ಚು ಬಿಟ್ಟಿಲ್ಲ. ಕಾಲೇಜಿನ ಗೆಳೆಯರೆಲ್ಲ ಫೋನಿನಲ್ಲಿ ಬಂದೂಕಿನ ಆಟ ಆಡುತ್ತಾರೆ. ಇವನಿಗೆ ಅದು ಹಿಡಿಸುವುದಿಲ್ಲ. ಸತ್ತರೆ ಮೊದಲಿಗೇ ಕಳಿಸುವ, ಹತ್ತು ಸಲ ಹೊಡೆಸಿಕೊಂಡ ಮೇಲೆ ಹನ್ನೊಂದನೆಯ ಸಲ ಒಂದು ಹೆಜ್ಜೆ ಮುಂದೆ ಬಿಡುವ ಆಟವೇ ಬೇಕು. ಕಾಂಟ್ರಾ, ನಿಂಜಾ ಗೈಡನ್, ಮೆಗಾ ಮ್ಯಾನ್. ಗೆಳೆಯರಿಗೆ ತೋರಿಸಿದರೆ ನಕ್ಕರಂತೆ. ಕೊನೆಯ ಸಾಲು ಹೀಗಿದೆ: "ಎರಡನೇ ರಿಮೋಟ್ ಇನ್ನೂ ಹೊಸದರ ಹಾಗೇ ಇದೆ ಅಂಕಲ್. ಸಂಘದಲ್ಲಿ ಇಂಥವರು ಯಾರಾದರೂ ಇದ್ದಾರಾ?"

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಪತ್ರಗಳೇ ಬೇರೆ. ಯಾವ ಕೋಚಿಂಗ್ ಕ್ಲಾಸು ಒಳ್ಳೆಯದು, ಊರಿನಲ್ಲಿ ಸಂಬಂಧ ನೋಡಬೇಕೆ ಇಲ್ಲಿಯೇ ನೋಡಬೇಕೆ, ಇಂಥವು. ಮೊದಲು ನನಗೂ ನಗು ಬಂತು. ರಾತ್ರಿ ಆ ಎರಡನೆಯ ರಿಮೋಟಿನ ಮಾತು ನೆನಪಾಗಿ ನಿದ್ದೆ ಬರಲಿಲ್ಲ. ಯಾಕೆಂದರೆ ಆ ರಿಮೋಟನ್ನು ನಾನು ಬಲ್ಲೆ.

ತೊಂಬತ್ತರ ದಶಕದ ಆರಂಭದಲ್ಲಿ ಭಾಂಡುಪಿನ ನಮ್ಮ ಚಾಳಿನಲ್ಲಿ ಒಂದೇ ಒಂದು ಟಿವಿ ಗೇಮ್ ಇತ್ತು, ಮೂಲೆಯ ಕೋಣೆಯ ಮನೆಯಲ್ಲಿ. ಆಗ ಪೇಟೆಯಲ್ಲಿ ಸಮುರಾಯ್, ಲಿಟ್ಲ್ ಮಾಸ್ಟರ್ ಮೊದಲಾದ ಹೆಸರಿನ ಯಂತ್ರಗಳು ಬರುತ್ತಿದ್ದವು. ಒಳಗಿನ ಜೀವ ಮಾತ್ರ ಒಂದೇ, ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಪಡಿಯಚ್ಚು. "9999 ಆಟಗಳು" ಎಂದು ಬರೆದ ಹಳದಿ ಕ್ಯಾಸೆಟ್ ತಂದರೆ ನಾಲ್ಕಾರು ಆಟಗಳೇ ತಿರುತಿರುಗಿ ಬರುತ್ತಿದ್ದವು. ಆ ಮೋಸವನ್ನು ನಾವೆಲ್ಲ ಸಂತೋಷದಿಂದಲೇ ಸಹಿಸಿಕೊಂಡೆವು.

ನನ್ನ ಜೊತೆಗಾರ ಹೊಟೇಲಿನಲ್ಲಿ ಕೆಲಸ ಮಾಡುವವರೊಬ್ಬರ ಮಗ. ನಾವಿಬ್ಬರೂ ಆಡಿದ್ದು ಕಾಂಟ್ರಾ. ಕೊನಾಮಿ ಕಂಪೆನಿಯ ಆಟ. 1987ರಲ್ಲಿ ನಾಣ್ಯ ಹಾಕುವ ಯಂತ್ರಕ್ಕೆ, ಮರುವರ್ಷ ಮನೆಯ ಯಂತ್ರಕ್ಕೆ ಬಂತು. ಎಂಟು ಹಂತ, ತಲಾ ಮೂರು ಜೀವ, ಒಂದು ಗುಂಡು ತಾಗಿದರೆ ಒಂದು ಜೀವ ಹೋಯಿತು. ಮೂರನೆಯದು ಜಲಪಾತದ ಹಂತ. ಬಂಡೆಯಿಂದ ಬಂಡೆಗೆ ಹಾರಿ ಮೇಲೇರಬೇಕು. ಒಬ್ಬ ಆತುರಪಟ್ಟು ಮೇಲೇರಿದನೋ, ಪರದೆಯೂ ಅವನ ಜೊತೆ ಮೇಲೇರುತ್ತದೆ. ಕೆಳಗೆ ಉಳಿದವನ ಕಾಲಡಿಯ ನೆಲ ಮಾಯವಾಗಿ ಅವನು ಸಾಯುತ್ತಾನೆ. ಶತ್ರುವಿನ ಗುಂಡಿಗಿಂತ ನಮ್ಮ ನಮ್ಮ ಆತುರದಿಂದ ಸತ್ತದ್ದೇ ಹೆಚ್ಚು. ಎಷ್ಟು ಜಗಳ, ಎಷ್ಟು ದಿನ ಮಾತು ಬಿಟ್ಟದ್ದು! ಕೊನೆಗೆ "ಏರು" ಎಂದು ಒಬ್ಬ ಹೇಳುವವರೆಗೆ ಇನ್ನೊಬ್ಬ ಹಾರಬಾರದೆಂದು ಕರಾರು ಮಾಡಿಕೊಂಡೆವು.

ಆರನೆಯ ಹಂತದವರೆಗೆ ಹೋಗಿದ್ದೆವು. ಅವನ ತಂದೆ ಹೊಟೇಲು ಬಿಟ್ಟರು, ಅವರು ಊರಿಗೆ ಹೊರಟುಹೋದರು. ಆ ಮೇಲೆ ಒಬ್ಬನೇ ಆಡಿದ್ದುಂಟು, ಆಟ ಮುಗಿಸಿದ್ದೂ ಉಂಟು. ಆದರೆ ಅದು ಮೂವತ್ತು ಜೀವದ ಗುಟ್ಟು ಒತ್ತಿ ಮುಗಿಸಿದ್ದು. ಲೆಕ್ಕಕ್ಕಿಲ್ಲ.

ಆ ಗುಟ್ಟಿನ ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ನಮಗೆ ಹದಿನೇಳರ ಮಗ್ಗಿ ಬಾರದಿದ್ದರೂ ಇದು ಬರುತ್ತಿತ್ತು. ಕೊನಾಮಿಯ ಕಜುಹಿಸಾ ಹಾಶಿಮೊಟೊ ಎಂಬವರು 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುತ್ತಿದ್ದರು. ಪರೀಕ್ಷಿಸಲೆಂದು ಆಡಿದರೆ ಆಟ ಅವರಿಗೇ ಕಷ್ಟವಾಯಿತು. ತಮ್ಮ ಅನುಕೂಲಕ್ಕೆ ಈ ಗುಟ್ಟನ್ನು ಸೇರಿಸಿಕೊಂಡರು, ಅದು ಹಾಗೆಯೇ ಉಳಿದು ಹೊರಗೆ ಬಂತು. ಮುಂದೆ ಕಾಂಟ್ರಾದಲ್ಲಿ ಮೂವತ್ತು ಜೀವ ಕೊಟ್ಟು ಪ್ರಪಂಚವೆಲ್ಲ ಹರಡಿತು. ಹಾಶಿಮೊಟೊ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಟ ಮಾಡಿದವನಿಗೇ ಕಷ್ಟವಾದ ಆಟ ಎಂಬ ಸಂಗತಿ ನನಗೆ ಇಂದಿಗೂ ಸಮಾಧಾನ ಕೊಡುತ್ತದೆ.

ಈ ಹಳೆಯ ಆಟಗಳು ಇಷ್ಟು ಕಠಿಣವೇಕೆ ಎಂದು ಕೆಲವರು ಕೇಳುತ್ತೀರಿ. ಒಂದು ಕಾರಣ ಶುದ್ಧ ವ್ಯಾಪಾರ. ಮೊದಲ ಆಟಗಳು ನಾಣ್ಯದ ಯಂತ್ರದವು. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್. ಹುಡುಗ ಒಂದೇ ನಾಣ್ಯಕ್ಕೆ ಇಡೀ ಮಧ್ಯಾಹ್ನ ನಿಂತರೆ ಅಂಗಡಿಯವನು ಬಾಡಿಗೆ ಕಟ್ಟುವುದು ಹೇಗೆ? ನಮ್ಮ ಸ್ಟೇಷನ್ ಬಳಿಯ ಪಾರ್ಲರಿನಲ್ಲಿ ನಾವು "ಮುಸ್ತಾಫಾ" ಎಂದು ಕರೆಯುತ್ತಿದ್ದ ಆಟ ನೆನಪಿರುವ ಅಣ್ಣಂದಿರು ನಿಮ್ಮ ಮನೆಯಲ್ಲೂ ಇರಬಹುದು. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್‌ನವರ 1993ರ ಆಟ. ಹಳದಿ ಟೋಪಿಯ ಪಾತ್ರದ ಹೆಸರೇ ಆಟದ ಹೆಸರಾಗಿಬಿಟ್ಟಿತು. ಇನ್ನೊಂದು ಕಾರಣ ಜಾಗದ ಅಭಾವ, ಮುಂಬಯಿಯ ಖೋಲಿಯ ಹಾಗೆ. ಸೂಪರ್ ಮಾರಿಯೋ ಬ್ರದರ್ಸ್, 1985ರದು, ಇಡೀ ಆಟ ನಲವತ್ತು ಕಿಲೋಬೈಟು. ಇಂದು ನಿಮ್ಮ ಫೋನಿನಲ್ಲಿ ತೆಗೆಯುವ ಒಂದು ಫೋಟೊ ಅದರ ಐವತ್ತು ಪಾಲಾದರೂ ಇರುತ್ತದೆ. ಅಷ್ಟು ಚಿಕ್ಕ ಆಟ ತಿಂಗಳುಗಟ್ಟಲೆ ಬಾಳಬೇಕಾದರೆ ಆಡುವವನು ಪದೇಪದೇ ಸೋಲಬೇಕು. ಘೋಸ್ಟ್ಸ್ ಅಂಡ್ ಗಾಬ್ಲಿನ್ಸ್ ಎಂಬ ಆಟವಂತೂ ಕೊನೆ ಮುಟ್ಟಿದವನಿಗೆ "ಇದೆಲ್ಲ ಭ್ರಮೆ, ಮೊದಲಿನಿಂದ ಆಡು" ಎನ್ನುತ್ತದೆ. ಇಷ್ಟು ನಿರ್ದಯಿ ಆಟವನ್ನು ಮೆಚ್ಚುವವನು ನಮ್ಮ ಡೊಂಬಿವಲಿಯ ಹುಡುಗ.

ಇನ್ನು ಅವನ ಪ್ರಶ್ನೆಗೆ ಬರೋಣ. ಇಂಥವರು ಇದ್ದಾರೆಯೇ?

ಇದಕ್ಕಾಗಿ ಒಂದು ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಹೊಸ ಹೆಸರು ಡಾ. ಭಡಕಮ್ಕರ್ ಮಾರ್ಗ, ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದು ನಡೆದರೆ ಸಾಕು. ಅಂಗಡಿಯ ಎದುರು ಭಾಗದಲ್ಲೆಲ್ಲ ಹೊಸ ಸಾಮಾನು. ಹಳೆಯದು ಬೇಕಾದರೆ ಒಳಗಿನ ಗಲ್ಲಿಯಲ್ಲಿ ಸಾಲ್ಡರಿಂಗ್ ಕಬ್ಬಿಣ ಹಿಡಿದು ಕೂತವರನ್ನು ಕೇಳಬೇಕು. ಅಂಥ ಒಬ್ಬ ಹಿರಿಯ ಕಾರೀಗರನ ಬಳಿ ಅರ್ಧ ಗಂಟೆ ನಿಂತು ಒಂದು ಕಟಿಂಗ್ ಚಹಾ ಕುಡಿದೆ. ಹಳೆಯ ಟಿವಿ ಗೇಮ್ ರಿಪೇರಿಗೆ ಈಗಲೂ ಬರುತ್ತದೆಯೇ ಎಂದು ಕೇಳಿದೆ. ತಿಂಗಳಿಗೆ ಇಬ್ಬರೋ ಮೂವರೋ ತರುತ್ತಾರಂತೆ. ಆಮೇಲೆ ಅವನು ನಗುತ್ತಾ ಹೇಳಿದ ಮಾತು ಕೇಳಿ: ಬರುವ ಪ್ರತಿಯೊಬ್ಬನೂ ಇಡೀ ಬಂಬಯಿಯಲ್ಲಿ ಇದನ್ನು ಆಡುವವನು ತಾನೊಬ್ಬನೇ ಎಂದು ಹೇಳುತ್ತಾನಂತೆ.

ನಾನು ಒಂದು ಚೀಟಿಯಲ್ಲಿ ನಮ್ಮ ಸಂಘದ ಫೋನ್ ನಂಬರ್ ಬರೆದು, "ಹಳೆಯ ಕಠಿಣ ಆಟ ಜೊತೆಯಾಗಿ ಆಡುವವರು ಬೇಕಾಗಿದ್ದಾರೆ" ಎಂದು ಹಿಂದಿಯಲ್ಲೂ ಮರಾಠಿಯಲ್ಲೂ ಬರೆದು ಅವನ ಮೇಜಿನ ಗಾಜಿನಡಿ ಇಟ್ಟು ಬಂದೆ. ಇಂಥದೇ ಚೀಟಿ ಚೋರ್ ಬಜಾರಿನ ಹಳೆಯ ರೇಡಿಯೊ ಅಂಗಡಿಯೊಂದಕ್ಕೂ ಕೊಟ್ಟೆ. ಮೊಬೈಲಿನ ಕಾಲದಲ್ಲಿ ಚೀಟಿಯೇ ಎಂದು ನಗಬೇಡಿ. ಹಳೆಯ ಸಾಮಾನು ಹುಡುಕಿ ಅಂಗಡಿಯ ಮೆಟ್ಟಿಲು ಹತ್ತುವವನೇ ನಮಗೆ ಬೇಕಾದವನು. ಮನೆಯಲ್ಲಿ ಕೂತು "ಹೌದು ಹೌದು, ನನಗೂ ಇಷ್ಟ" ಎನ್ನುವವರು ಬಹಳ ಜನ. ಭಾನುವಾರ ಕರೆದರೆ ಬರುವವರು ಎಷ್ಟು ಮಂದಿ ಎಂಬುದು ನಾಟಕದ ರಿಹರ್ಸಲ್ ನಡೆಸಿದ ನನಗೆ ಚೆನ್ನಾಗಿ ಗೊತ್ತು.

ಹದಿನೈದು ದಿನದೊಳಗೆ ಮೂರು ಫೋನ್ ಬಂದವು. ಒಬ್ಬರು ಯಂತ್ರ ಮಾರಲು ಬಯಸಿದ್ದರು, ಅದು ಲೆಕ್ಕಕ್ಕಿಲ್ಲ. ಇನ್ನೊಬ್ಬ ಮೀರಾ ರೋಡಿನ ಮರಾಠಿ ಹುಡುಗ, ಇಂಜಿನಿಯರಿಂಗ್ ಮೂರನೆಯ ವರ್ಷ. ಮೂರನೆಯವರೇ ಆಶ್ಚರ್ಯ. ವಾಶಿಯಲ್ಲಿರುವ ಧಾರವಾಡ ಕಡೆಯ ಅಕ್ಕ, ವಯಸ್ಸು ನಲವತ್ತು ದಾಟಿದೆ, ಬ್ಯಾಂಕಿನ ನೌಕರಿ. ಟೆಟ್ರಿಸ್ ಆಡುತ್ತಾರೆ, ಅದೂ ಹಳೆಯ ಯಂತ್ರದ ಟೆಟ್ರಿಸ್ ಮಾತ್ರ. "ಮನೆಯವರಿಗೆ ಹೇಳಿಲ್ಲ, ಮಕ್ಕಳು ನಗ್ತಾರ್ರೀ" ಎಂದರು.

ಸಮಾನ ಮನಸ್ಕರು ಎಂದರೆ ಸಮಾನ ವಯಸ್ಕರೇ ಆಗಬೇಕೆಂದು ನೀವೆಲ್ಲ ತಿಳಿಯುತ್ತೀರಿ. ಅಲ್ಲ. ನನ್ನನ್ನು ಕೇಳಿದರೆ ಪರೀಕ್ಷೆ ಒಂದೇ: ಮೂವತ್ತು ಜೀವ ಒತ್ತುತ್ತೀರೋ, ಮೂರರಲ್ಲೇ ಆಡುತ್ತೀರೋ? ಮೂರು ಎನ್ನುವಾಗ ಯಾರ ಮುಖದಲ್ಲಿ ಸ್ವಲ್ಪ ಹಟ ಕಾಣುತ್ತದೋ ಅವರನ್ನು ಬಿಡಬೇಡಿ. ಹಾಗೆಯೇ ಹೊಸ ಆಟ ಆಡುವವರನ್ನೂ ತಾತ್ಸಾರ ಮಾಡಬೇಡಿ. 2011ರ ಡಾರ್ಕ್ ಸೋಲ್ಸ್, 2014ರ ಶವಲ್ ನೈಟ್, 2017ರ ಕಪ್‌ಹೆಡ್, ಇವೆಲ್ಲ ಹೊಸ ಬಟ್ಟೆ ತೊಟ್ಟ ಹಳೆಯ ಮೇಷ್ಟರುಗಳೇ. ನಿಮ್ಮ ಕಾಲೇಜಿನಲ್ಲಿ ಕಪ್‌ಹೆಡ್ ಮುಗಿಸಿದವನು ಒಬ್ಬನಾದರೂ ಇರುತ್ತಾನೆ. ಅವನ ಕೈಗೆ ಎರಡನೆಯ ರಿಮೋಟ್ ಕೊಟ್ಟು ನೋಡಿ.

ವಾಶಿಯ ಅಕ್ಕನ ಟೆಟ್ರಿಸ್ ಎಂದಾಗ ಒಂದು ವಿಷಯ ಹೇಳಲೇಬೇಕು. ರಷ್ಯದ ಅಲೆಕ್ಸೀ ಪಾಜಿಟ್ನೋವ್ 1984ರಲ್ಲಿ ರಚಿಸಿದ ಆಟ; ನಿಂಟೆಂಡೊ ಯಂತ್ರದ ಆವೃತ್ತಿ 1989ರದು. ಅದರಲ್ಲಿ 29ನೆಯ ಹಂತ ಬಂದಾಗ ಇಟ್ಟಿಗೆಗಳು ಎಷ್ಟು ವೇಗವಾಗಿ ಬೀಳುತ್ತವೆಂದರೆ ಮನುಷ್ಯನ ಕೈಗೆ ಅಲ್ಲಿಗೇ ಕೊನೆಯೆಂದು ಬಹುಕಾಲ ನಂಬಿದ್ದರು. 2010ರಲ್ಲಿ ಅಮೆರಿಕದಲ್ಲಿ ಕೆಲವರು ಕೂಡಿ ಆ ಹಳೆಯ ಟೆಟ್ರಿಸ್‌ಗೆ ವಿಶ್ವ ಸ್ಪರ್ಧೆ ಆರಂಭಿಸಿದರು. ಅಲ್ಲಲ್ಲಿ ಒಬ್ಬೊಬ್ಬರೇ ಆಡುತ್ತಿದ್ದವರು ವರ್ಷಕ್ಕೊಮ್ಮೆ ಅಕ್ಕಪಕ್ಕ ಕೂತರು, ಒಬ್ಬರ ಬೆರಳನ್ನು ಒಬ್ಬರು ನೋಡಿದರು. ಗುಂಡಿ ಒತ್ತುವ ಹೊಸ ಹೊಸ ವಿಧಾನಗಳು ಒಬ್ಬರಿಂದೊಬ್ಬರಿಗೆ ಹರಡಿದವು. ಏಳು ಸಲ ಗೆದ್ದ ಜೋನಾಸ್ ನ್ಯೂಬಾವರ್ ಅವರನ್ನು 2018ರಲ್ಲಿ ಹದಿನಾರರ ಹುಡುಗ ಜೋಸೆಫ್ ಸೇಲಿ ಸೋಲಿಸಿದ. 2023ರ ಡಿಸೆಂಬರಿನಲ್ಲಿ ಒಕ್ಲಹೋಮಾದ ಹದಿಮೂರು ವರ್ಷದ ವಿಲ್ಲಿಸ್ ಗಿಬ್ಸನ್ 157ನೆಯ ಹಂತ ಮುಟ್ಟಿದಾಗ ಯಂತ್ರವೇ ಕೈಚೆಲ್ಲಿ ನಿಂತಿತು. ಮೂವತ್ತನಾಲ್ಕು ವರ್ಷ ಯಾರೂ ಕಾಣದ ಕೊನೆ. ಆ ಹುಡುಗನ ಕೈಚಳಕ ದೊಡ್ಡದೇ. ಆದರೆ ಅವನಿಗಿಂತ ಮೊದಲು ಕೂಡಿ ಕೂತವರು ಇಲ್ಲದಿದ್ದರೆ ಆ ಕೈಗೆ ಆ ಚಳಕ ಬರುತ್ತಿತ್ತೇ ಎಂಬುದು ನನ್ನ ಸಂಶಯ.

ಇನ್ನು ಸಾಮಾನಿನ ಮಾತು. ಯಂತ್ರ, ಕ್ಯಾಸೆಟ್ ಸಿಕ್ಕರೆ ಸಾಲದು, ಟಿವಿ ಬೇಕು. ಹಳೆಯ ಡಬ್ಬಾ ಟಿವಿ, ಪಿಕ್ಚರ್ ಟ್ಯೂಬಿನದು. ಗೋಡೆಗೆ ನೇತುಹಾಕುವ ಈಗಿನ ಟಿವಿ ಬಂದ ಚಿತ್ರವನ್ನು ಮೊದಲು ತನ್ನೊಳಗೆ ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ಆ ಒಂದು ಕ್ಷಣದ ವಿಳಂಬ ಧಾರಾವಾಹಿ ನೋಡುವ ಅಜ್ಜಿಗೆ ತಿಳಿಯುವುದಿಲ್ಲ. ಹಾರುವ ಗುಂಡಿ ಒತ್ತಿದವನಿಗೆ ಮಾತ್ರ ಪ್ರಾಣಸಂಕಟ. ನೀವು ಒತ್ತಿದ ಮೇಲೆ ಅವನು ಹಾರುವಷ್ಟರಲ್ಲಿ ಗುಂಡು ತಾಗಿರುತ್ತದೆ. ಬಾತುಕೋಳಿ ಹೊಡೆಯುವ ಬಂದೂಕಿನ ಆಟವಂತೂ ಹೊಸ ಟಿವಿಯಲ್ಲಿ ನಡೆಯುವುದೇ ಇಲ್ಲ. ಆ ಬಂದೂಕಿನ ಕಣ್ಣು ನೋಡುವುದು ಪಿಕ್ಚರ್ ಟ್ಯೂಬಿನ ಬೆಳಕಿನ ಮಿಂಚನ್ನು. ನಮ್ಮ ಹುಡುಗ "ನಾನು ಅಣ್ಣನಷ್ಟು ಚುರುಕಿಲ್ಲ" ಎಂದು ಬರೆದಿದ್ದಾನೆ. ತಮ್ಮಾ, ತಪ್ಪು ನಿನ್ನದಲ್ಲ, ನಿಮ್ಮ ಮನೆಯ ಹೊಸ ಟಿವಿಯದು.

ಡಬ್ಬಾ ಟಿವಿಗಳು ಈಗ ದಿನದಿನವೂ ಭಂಗಾರ್‌ವಾಲಾನ ಗಾಡಿಗೆ ಹೋಗುತ್ತಿವೆ. ಸೊಸೈಟಿಯಲ್ಲಿ ಯಾರಾದರೂ ಎಸೆಯುವುದು ಕಂಡರೆ ತಡೆಯಿರಿ. ಆದರೆ ದಯವಿಟ್ಟು ಹಿಂದಿನ ಮುಚ್ಚಳ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದು ಕಾರೀಗರನ ಕೆಲಸ. ಇನ್ನೊಂದು, ಕ್ಯಾಸೆಟ್ಟಿಗೆ ಬಾಯಿಂದ ಊದುವುದನ್ನು ಬಿಡಿ. ನಾವೆಲ್ಲ ಊದಿದವರೇ. ಊದಿದ್ದರಿಂದ ಅದು ನಡೆದದ್ದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ನಡೆದದ್ದು. ಬಾಯಿಯ ಪಸೆ ತಗಲಿ ಪಿನ್ನುಗಳು ಕಿಲುಬುಗಟ್ಟುತ್ತವೆ. ಐಸೊಪ್ರೊಪಿಲ್ ಆಲ್ಕೊಹಾಲ್ ಎಂದು ಕೇಳಿ ತಂದು ಹತ್ತಿಯಿಂದ ಒರೆಸಿ.

ಇಷ್ಟಾದ ಮೇಲೂ ಉಳಿಯುವ ದೊಡ್ಡ ತೊಂದರೆ ಜಾಗದ್ದು. ಡೊಂಬಿವಲಿಯ ಹುಡುಗನ ಮನೆ ಒಂದು ಖೋಲಿ ಮತ್ತು ಅಡುಗೆಮನೆ. ತಂದೆಗೆ ರಾತ್ರಿ ಪಾಳಿ, ಹಗಲು ಮಲಗುತ್ತಾರೆ. ಅಲ್ಲಿಗೆ ಗೆಳೆಯನನ್ನು ಕರೆದು "ಏರು, ಏರು" ಎಂದು ಕೂಗುವುದು ಸಾಧ್ಯವೇ? ಮುಂಬಯಿಯಲ್ಲಿ ಒಂಟಿತನಕ್ಕೆ ಎಷ್ಟೋ ಸಲ ಕಾರಣ ಇಷ್ಟೇ, ಇಬ್ಬರು ಕೂರುವ ಜಾಗ ಇಲ್ಲ. ನಮ್ಮ ಹಿರಿಯರು ಕೂಡಿಟ್ಟ ಕಾಸಿನಲ್ಲಿ ಸಂಘಗಳಿಗೆ ಕಟ್ಟಡ ಕಟ್ಟಿದ್ದೂ ಇದಕ್ಕೇ ಅಲ್ಲವೇ?

ಹಾಗೆಂದು ವಿಷಯವನ್ನು ಕಾರ್ಯಕಾರಿ ಸಮಿತಿಯ ಮುಂದಿಟ್ಟೆ. ಸ್ವಲ್ಪ ಗದ್ದಲವಾಯಿತು. ಹಿರಿಯರೊಬ್ಬರು, ಸರಕಾರವೇ ಇಂಥ ಆಟಗಳನ್ನು ನಿಷೇಧಿಸಿದೆಯಲ್ಲ ಎಂದರು. 2025ರ ಆಗಸ್ಟಿನಲ್ಲಿ ಸಂಸತ್ತು ತಂದ ಕಾಯಿದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ನಮ್ಮ ಕಾಂಟ್ರಾದಲ್ಲಿ ಹೋಗುವುದು ಜೀವ ಮಾತ್ರ ಎಂದು ವಿವರಿಸಿದೆ. ಮಹಿಳಾ ವಿಭಾಗದ ಒಬ್ಬ ಅಕ್ಕ ಅಬ್ಬಗ ದಾರಗರ ಕಥೆ ತೆಗೆದರು. ಸಿರಿಯ ಪಾಡ್ದನ ಕೇಳಿದವರಿಗೆ ಗೊತ್ತು, ಚೆನ್ನೆಮಣೆ ಆಡುತ್ತಾ ಅಕ್ಕತಂಗಿಯರು ಜಗಳಕ್ಕೆ ಬಿದ್ದು ಇಬ್ಬರೂ ಪ್ರಾಣ ಕಳೆದುಕೊಂಡದ್ದು. ಅವರ ಮಾತು ಸುಳ್ಳಲ್ಲ. ಆಟಕ್ಕೆ ಕೂತರೆ ಜಗಳ ಇದ್ದದ್ದೇ, ಜಲಪಾತದಲ್ಲಿ ನಾನೇ ಆಡಿದ್ದೇನೆ. ಆದರೆ ಆಟಿ ತಿಂಗಳ ಮಳೆಯಲ್ಲಿ ಹದಿನಾಲ್ಕು ಗುಳಿಯ ಆ ಮಣೆ ಇಟ್ಟುಕೊಂಡು ಎದುರುಬದುರು ಕೂರದ ಮನೆ ತುಳುನಾಡಿನಲ್ಲಿ ಎಷ್ಟಿತ್ತು? ನಮ್ಮ ಅಜ್ಜಿ ನನಗೆ ಒಂದು ಕಾಯಿ ಕೂಡ ರಿಯಾಯಿತಿ ಬಿಡುತ್ತಿರಲಿಲ್ಲ. ಕಠಿಣ ಆಟದ ರುಚಿ ಹತ್ತಿದ್ದು ಅಲ್ಲಿಯೇ ಇರಬೇಕು.

ನಿಜವಾದ ಆಕ್ಷೇಪ ಬಂದದ್ದು ಕೊನೆಗೆ. ಆ ಮೀರಾ ರೋಡಿನ ಹುಡುಗ ಕನ್ನಡಿಗನಲ್ಲವಲ್ಲ, ಸಂಘದ ಸಭಾಗೃಹದಲ್ಲಿ ಹೊರಗಿನವರೇ? ಇದಕ್ಕೆ ನಾನು ಸಿಟ್ಟಿನಿಂದ ಏನೋ ಹೇಳಿದೆ, ಅದು ಬೇಡಿತ್ತು. ತಣ್ಣಗಾದ ಮೇಲೆ ಹೇಳಬೇಕೆನಿಸಿದ್ದು ಇದು: ನಮ್ಮ ಹುಡುಗ ಕನ್ನಡದಲ್ಲಿ ಎರಡು ಹಾಳೆ ಬರೆದದ್ದು ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಗಲ್ಲ, ಜೊತೆಗಾರನನ್ನು ಕೇಳಲು. ಆ ಕಾಗದಕ್ಕೆ ನಾವು ಕೊಡುವ ಉತ್ತರ ಒಬ್ಬ ಮರಾಠಿ ಗೆಳೆಯನಾದರೆ ಆಗಲಿ. "ಏರು" ಎಂಬ ಒಂದು ಶಬ್ದವನ್ನಾದರೂ ಅವನು ಕಲಿತೇ ಕಲಿಯುತ್ತಾನೆ.

ಕೊನೆಗೆ ಕಾರ್ಯದರ್ಶಿಗಳು ಒಪ್ಪಿದರು, ಶರತ್ತಿನ ಮೇಲೆ. ಮೂರು ತಿಂಗಳು ಪ್ರಯೋಗ. ಸಂಘದ ಖರ್ಚು ಒಂದು ಪೈಸೆ ಇಲ್ಲ. ಕೇರಂ ಆಡುವವರಿಗೆ ತೊಂದರೆ ಆಗಬಾರದು. ಸಂಜೆ ತಾಳಮದ್ದಳೆ ಇದ್ದ ದಿನ ನಾಲ್ಕಕ್ಕೆ ಜಾಗ ಬಿಡಬೇಕು. ಟಿವಿ ನನ್ನದೇ, ಇಪ್ಪತ್ತೊಂದು ಇಂಚಿನದು. ಎರಡನೆಯ ಮಾಳಿಗೆಗೆ ಹೊರಲು ಇಬ್ಬರು ಗಟ್ಟಿಮುಟ್ಟಾದವರು ಬೇಕು.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ವಾಶಿಯ ಅಕ್ಕ ಟೆಟ್ರಿಸ್ ಕ್ಯಾಸೆಟ್ ತರುತ್ತಾರೆ. ಮಕ್ಕಳಿಗೆ ಸಂಘದ ಮೀಟಿಂಗ್ ಎಂದು ಹೇಳಿ ಬರುತ್ತಾರಂತೆ, ಅದೇನೂ ಸುಳ್ಳಲ್ಲ. ಮೀರಾ ರೋಡಿನ ಹುಡುಗ ಬರುವುದು ಖಚಿತ. ಡೊಂಬಿವಲಿಯವನಿಗೆ ಫೋನ್ ಮಾಡಿದಾಗ ಅವನು ಮೊದಲು ಕೇಳಿದ್ದು, "ಅಂಕಲ್, ಸೆಂಟ್ರಲ್ ಲೈನಿಗೆ ಆ ದಿನ ಮೆಗಾಬ್ಲಾಕ್ ಇದ್ದರೆ?" ಇದ್ದರೆ ಬೇಗ ಹೊರಡು, ಠಾಣೆಯಿಂದ ಬಸ್ಸು ಹಿಡಿ ಎಂದೆ. ಎರಡೂ ರಿಮೋಟ್ ಮರೆಯದೆ ತಾ ಎಂದೂ ಹೇಳಿದ್ದೇನೆ.